ಕಲ್ಲಪ್ಪ ಮಾಸ್ತರನ್ನು ನಾನು ಮಾತಾಡಿಸಿ ಬಂದದ್ದು

ದೊಡ್ಡವರನ್ನು ಭೇಟಿಯಾದಾಗ ಹೇಗೆ ನಡೆದುಕೊಳ್ಳಬೇಕು ಎಂಬ ವಿಷಯದಲ್ಲಿ ಅನಗೋಳದ ನಮ್ಮ ಓಣಿಯಲ್ಲಿ ನನ್ನಷ್ಟು ತಿಳಿದವರು ಇನ್ನೊಬ್ಬರಿರಲಿಲ್ಲ. ಇದು ನನ್ನ ಅಭಿಪ್ರಾಯ. ಅಲ್ಲಿಯವರೆಗೆ ದೊಡ್ಡವರು ಯಾರೂ ನನಗೆ ಭೇಟಿಯಾಗಿರಲಿಲ್ಲವಾದ್ದರಿಂದ ಈ ಅಭಿಪ್ರಾಯಕ್ಕೆ ಯಾವ ಧಕ್ಕೆಯೂ ಬಂದಿರಲಿಲ್ಲ!

ನನ್ನ ಪಾಲಿಗೆ ದೊಡ್ಡವರೆಂದರೆ ಒಬ್ಬರೇ. ನಾಟಕ ಕಂಪನಿಯ ಹಾಸ್ಯನಟ ಕಲ್ಲಪ್ಪ ಮಾಸ್ತರು. ನಾನು ಕಾಲೇಜಿನಲ್ಲಿದ್ದಾಗ ಅವರ ಒಂದು ನಾಟಕ ನೋಡಿದೆ. ಮರುದಿನ ಮತ್ತೆ ಹೋದೆ. ಆಮೇಲೆ ಕಂಪನಿ ಸುತ್ತಮುತ್ತ ಎಲ್ಲಿ ಟೆಂಟು ಹಾಕಿದರೂ ಹೋದೆ. ಅದೊಂದೇ ನಾಟಕವನ್ನು ಇಪ್ಪತ್ತೆರಡು ಸಲ ನೋಡಿದ್ದೇನೆ. ಪರೀಕ್ಷೆಗೆ ಇಷ್ಟು ಸಲ ಪುಸ್ತಕ ನೋಡಿದ್ದರೆ ಇವತ್ತು ಕಚೇರಿಯಲ್ಲಿ ಹೆಡ್ ಕ್ಲರ್ಕ್ ಆಗಿ ಕೂರುವ ಬದಲು ಸಾಹೇಬನಾಗಿ ಕೂರುತ್ತಿದ್ದೆ ಎಂದು ನಮ್ಮಾಕೆ ಆಗಾಗ ನೆನಪಿಸುತ್ತಾಳೆ.

ಆ ನಾಟಕದಲ್ಲಿ ಮಾಸ್ತರರದು ಮನೆಗೆ ಹೊತ್ತು ಮೀರಿ ಬರುವ ಗಂಡನ ಪಾತ್ರ. ಟೊಪ್ಪಿಗೆ ವಾರೆಯಾಗಿರುತ್ತಿತ್ತು, ಧೋತರ ಒಂದು ಕಾಲಿಗೆ ಮೇಲೆ, ಇನ್ನೊಂದು ಕಾಲಿಗೆ ಕೆಳಗೆ. ಬಂದು ಬಾಗಿಲ ಮುಂದೆ ನಿಲ್ಲುತ್ತಿದ್ದರು. ಕೋಲು ನೆಲಕ್ಕೆ ಒಮ್ಮೆ ಕುಟ್ಟುತ್ತಿದ್ದರು. ಆಮೇಲೆ ಒಂದೇ ಕೂಗು: "ಏ! ಮನ್ಯಾಗ ಯಾರರ ಅದೀರೋ, ಎಲ್ಲಾರೂ ಸತ್ತೀರೋ?"

ಅಷ್ಟಕ್ಕೇ ಟೆಂಟು ಹರಿದು ಹೋಗುವಷ್ಟು ನಗು! ಅದರಲ್ಲಿ ನಗುವಂಥದ್ದೇನಿದೆ ಎಂದು ಕೇಳಬೇಡಿ. ಅವರು ಅಂದಿದ್ದನ್ನು ಕೇಳಿದವರಿಗೆ ಗೊತ್ತು.

ನಮ್ಮ ಬಾಜು ಮನೆಯ ಅಡಿವೆಪ್ಪನವರು ಈ ಕಲ್ಲಪ್ಪ ಮಾಸ್ತರರಿಗೆ ದೂರದ ಬೀಗರು ಎಂದು ತಿಳಿದ ದಿನದಿಂದ ನಾನು ಅವರಿಗೆ ದಿನಾ ನಮಸ್ಕಾರ ಮಾಡುತ್ತಿದ್ದೆ. ಮಾಸ್ತರು ಈಗ ಬಣ್ಣ ಬಿಟ್ಟು ಖಾನಾಪುರದ ಸ್ವಂತ ಮನೆಯಲ್ಲಿದ್ದಾರೆಂದೂ ಅವರಿಂದಲೇ ತಿಳಿದದ್ದು. ಎಂದಾದರೂ ಒಮ್ಮೆ ಕರೆದುಕೊಂಡು ಹೋಗಿ ಎಂದು ಎಂಟು ವರ್ಷದಿಂದ ಗಂಟು ಬಿದ್ದಿದ್ದೆ. ಕೊನೆಗೆ ಒಂದು ಭಾನುವಾರ ಅಡಿವೆಪ್ಪನವರು ತಾವಾಗಿಯೇ ನಮ್ಮ ಗೇಟಿಗೆ ಬಂದರು.

"ಶಂಕ್ರಪ್ಪನವರ, ನಾಳೆ ಮುಂಜಾನೆ ಖಾನಾಪುರಕ್ಕ ಹೊಂಟೇವಿ. ಕಲ್ಲಪ್ಪ ಮಾಸ್ತರನ್ನ ಮಾತಾಡಿಸಿ ಬರೂಣು ಅಂತ. ಗಾಡ್ಯಾಗ ಒಂದು ಸೀಟ ಐತಿ. ನೀವೂ ಅವರಂದ್ರ ಜೀವಾ ಬಿಡ್ತೀರಿ. ಬರ್ತೀರೇನು?"

"ಬರ್ತೀನ್ರೀ!" ಎಂದು ನಾನು ಕೂಗಿದ ರಭಸಕ್ಕೆ ಅವರು ಒಂದು ಹೆಜ್ಜೆ ಹಿಂದೆ ಸರಿದರು.

ಇಲ್ಲಿ ಒಂದು ವಿಷಯವನ್ನು ಒಪ್ಪಿಕೊಳ್ಳಲೇಬೇಕು. ನಮ್ಮ ಕಡೆ 'ಮಾತಾಡಿಸಿ ಬರೋದು' ಎಂದರೆ ಎರಡು ಅರ್ಥ. ಒಂದು, ಹೋಗಿ ಭೇಟಿಯಾಗಿ ಮಾತನಾಡಿ ಬರುವುದು. ಇನ್ನೊಂದು, ಸಾವಾದ ಮನೆಗೆ ಹೋಗಿ, ಉಳಿದವರ ಹತ್ತಿರ ಕೂತು, ಸಮಾಧಾನ ಹೇಳಿ ಬರುವುದು. ಇದು ನಮ್ಮ ಕಡೆಯ ಎಂಟು ವರ್ಷದ ಹುಡುಗಿಗೂ ಗೊತ್ತು. ನನಗೂ ಐವತ್ತೆರಡು ವರ್ಷದಿಂದ ಗೊತ್ತು. ನಾನೇ ಎಷ್ಟೋ ಮನೆಗಳಿಗೆ ಹಾಗೆ ಹೋಗಿ ಕೂತು ಬಂದಿದ್ದೇನೆ. ಆದರೆ ಆ ಭಾನುವಾರ ನನ್ನ ತಲೆಯಲ್ಲಿ ಎರಡನೆಯ ಅರ್ಥಕ್ಕೆ ಜಾಗವಿರಲಿಲ್ಲ. ಪೇಪರಿನಲ್ಲೂ ಏನೂ ಬಂದಿರಲಿಲ್ಲ. ಮಾಸ್ತರಿಗೆ ಕೆಮ್ಮು ಬಂದರೂ ಪೇಪರಿನವರು ಬರೆಯುತ್ತಾರೆ. ಅವರ ಮನೆಯಲ್ಲಿ ಬೇರೆ ಯಾರಾದರೂ ಹೋದರೆ ಯಾರು ಬರೆಯುತ್ತಾರೆ?

ಸಂಜೆಯೇ ಊರೊಳಗೆ ಹೋಗಿ ಒಂದು ಡಬ್ಬಿ ಕುಂದಾ ತಂದೆ. ಒಂದು ಶಾಲು ತಂದೆ. ಸೇವಂತಿಗೆಯ ದೊಡ್ಡ ಹಾರ ಹೇಳಿ ಬಂದೆ. ಆಮೇಲೆ ಕನ್ನಡಿ ಮುಂದೆ ನಿಂತೆ.

ನಮ್ಮಾಕೆ ರೊಟ್ಟಿ ಬಡಿಯುವುದನ್ನು ಬಿಟ್ಟು ಬಂದಳು. "ಅಲ್ಲಿ ಹೋಗಿ ಏನಂತೀರಿ?"

"ಅದನ್ನ ವಿಚಾರ ಮಾಡಾಕತ್ತೇನಿ."

"ವಿಚಾರ ಯಾಕ ಮಾಡ್ತೀರಿ? ಕೈ ಮುಗೀರಿ, ಒಂದ ಕಡೆ ಕುಂದರ್ರಿ. ಚಾ ಕೊಟ್ರ ಕುಡೀರಿ. ಬಾಯಿ ಮಾತ್ರ ತಗೀಬ್ಯಾಡ್ರಿ."

"ಮೂವತ್ತು ವರ್ಷ ಕಾದು, ಹೋಗಿ ಚಾ ಕುಡದು ಬರ್ಲೇನು?"

"ನಿಮ್ಮ ಬಾಯಿ ನಿಮಗ ಗೊತ್ತಿಲ್ಲ. ನನಗ ಗೊತ್ತೈತಿ" ಎಂದು ಅವಳು ಒಳಗೆ ಹೋದಳು.

ಹೆಂಗಸರಿಗೆ ಕಲೆಯ ಮರ್ಮ ತಿಳಿಯದು ಎಂದುಕೊಂಡೆ. 'ನಾನು ನಿಮ್ಮ ದೊಡ್ಡ ಅಭಿಮಾನಿ' ಎಂದು ಎಲ್ಲರೂ ಹೇಳುತ್ತಾರೆ. ಕೇಳಿ ಕೇಳಿ ಅವರ ಕಿವಿ ಜಡ್ಡುಗಟ್ಟಿರುತ್ತದೆ. ಕಾಲಿಗೆ ಬಿದ್ದರೆ ನೂರರಲ್ಲಿ ಒಬ್ಬನಾಗುತ್ತೇನೆ. ಫೋಟೋ ಕೇಳಿದರೆ ಸಾವಿರದಲ್ಲಿ ಒಬ್ಬನಾಗುತ್ತೇನೆ. ಬಾಗಿಲಲ್ಲಿ ನಿಂತು ಅವರ ಮಾತನ್ನು ಅವರಿಗೇ ಅಂದರೆ? ಅದೇ ಕುಟ್ಟು, ಅದೇ ಕೂಗು! ಮಾಸ್ತರು ಎದ್ದು ಬಂದು ಅಪ್ಪಿಕೊಳ್ಳದಿದ್ದರೆ ಕೇಳಿ. ಈ ನಿರ್ಣಯವನ್ನು ನಾನು ಸರ್ವಾನುಮತದಿಂದ ಅಂಗೀಕರಿಸಿದೆ.

ಸೋಮವಾರ ಬೆಳಿಗ್ಗೆ ಮಗಳ ಮದುವೆಗೆ ಹೊಲಿಸಿದ್ದ ಗುಲಾಬಿ ಬಣ್ಣದ ಅಂಗಿ ಹಾಕಿ, ಅತ್ತರು ಪೂಸಿಕೊಂಡು ಗಾಡಿ ಹತ್ತಿರ ಹೋದೆ. ಅಡಿವೆಪ್ಪನವರು ಒಮ್ಮೆ ಅಂಗಿ ನೋಡಿದರು, ಒಮ್ಮೆ ಹಾರ ನೋಡಿದರು.

"ಹಾರ ತಂದಿದ್ದು ಚೊಲೋ ಆತು" ಎಂದರು. ಅಂಗಿಯ ಬಗ್ಗೆ ಏನೂ ಅನ್ನಲಿಲ್ಲ.

ಗಾಡಿಯಲ್ಲಿ ಅಡಿವೆಪ್ಪನವರು, ಅವರ ಮನೆಯವರು ಶಾಂತಕ್ಕ, ಮತ್ತೆ ಇಬ್ಬರು ಹಿರಿಯರು. ಯಾರೂ ಮಾತಾಡಲೊಲ್ಲರು. ಮಹಾನುಭಾವರ ದರ್ಶನಕ್ಕೆ ಹೋಗುವಾಗ ಮನಸ್ಸು ಹೀಗೆ ಗಂಭೀರವಾಗುವುದು ಸಹಜ ಎಂದು ನಾನೂ ಗಂಭೀರನಾದೆ. ಪೀರನವಾಡಿ ದಾಟಿದ ಮೇಲೆ ಶಾಂತಕ್ಕ ಬಾಯಿಬಿಟ್ಟರು.

"ಮೊನ್ನೆ ಭಾಳ ಮಂದಿ ಕೂಡಿತ್ತಂತ. ಎರಡು ಊರಿನ ಭಜನಿ ಮಂಡಳಿ ಬಂದಿತ್ತಂತ."

"ಬರಬೇಕಲ್ರಿ ಮತ್ತ!" ಎಂದೆ ನಾನು. "ಅಂಥಾ ಮನಿ!"

"ಮಾಸ್ತರು ಊಟಾನೂ ಮಾಡವಲ್ರಂತ. ಯಾರ ಜೋಡಿನೂ ಮಾತಿಲ್ಲಂತ."

"ಕಲಾವಿದರು ನೋಡ್ರಿ. ಅವರು ಹಂಗ ಇರ್ತಾರ."

ಶಾಂತಕ್ಕ ನನ್ನ ಮುಖ ನೋಡಿದರು. ಆ ನೋಟದಲ್ಲಿ ನನಗೆ ಮೆಚ್ಚುಗೆ ಕಂಡಿತು. ದೇವರು ಮನುಷ್ಯನಿಗೆ ಕಣ್ಣು ಕೊಟ್ಟಷ್ಟು ಸುಲಭವಾಗಿ ಬುದ್ಧಿ ಕೊಡುವುದಿಲ್ಲ.

ಖಾನಾಪುರದ ಆ ಮನೆಯ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಇಷ್ಟು ಮಂದಿ ಅಭಿಮಾನಿಗಳು ನನಗಿಂತ ಮೊದಲೇ ಬಂದುಬಿಟ್ಟರಲ್ಲ ಎಂದು ಹೊಟ್ಟೆಕಿಚ್ಚಾಯಿತು. ಮೆಟ್ಟಿಲ ಮೇಲೆ ಕೂತಿದ್ದ, ಮಾಸ್ತರರ ಬಾಜು ಮನೆಯ ಅಜ್ಜಿ ಮರಾಠಿಯಲ್ಲಿ "ಯಾ, ಆತ್ ಬಸಾ" ಎಂದು ಒಳಗೆ ಕೂರಲು ಕೈ ತೋರಿಸಿದಳು. ಉಳಿದವರು ತಲೆ ತಗ್ಗಿಸಿ ಒಳಗೆ ಹೋದರು. ನಾನು ಹಾರವನ್ನು ಪ್ಲಾಸ್ಟಿಕ್ಕಿನಿಂದ ಬಿಡಿಸುತ್ತ ಹಿಂದೆ ಉಳಿದೆ. ಒಂದು ಲೆಕ್ಕಕ್ಕೆ ಅದೂ ಚೊಲೋ ಆಯಿತು ಎನ್ನಿಸಿತು. ನಾಟಕದಲ್ಲೂ ಮಾಸ್ತರು ಎಲ್ಲರೂ ಬಂದ ಮೇಲೆ, ಒಬ್ಬರೇ ಬರುತ್ತಿದ್ದರು.

ಹೊಸ್ತಿಲ ಮುಂದೆ ನಿಂತೆ. ಎರಡೂ ಕೈಯಲ್ಲಿ ಹಾರ ಎತ್ತಿ ಹಿಡಿದೆ. ಕೋಲಿರಲಿಲ್ಲ, ಹಿಮ್ಮಡಿಯಿಂದ ನೆಲ ಕುಟ್ಟಿದೆ. ಎದೆ ತುಂಬ ಗಾಳಿ ಎಳೆದುಕೊಂಡೆ.

"ಏ! ಮನ್ಯಾಗ ಯಾರರ ಅದೀರೋ, ಎಲ್ಲಾರೂ ಸತ್ತೀರೋ?"

ಸ್ವಂತ ಹೊಗಳಿಕೆ ಅಲ್ಲ, ಮಾಸ್ತರರೂ ಅಷ್ಟು ಚೆನ್ನಾಗಿ ಅಂದಿರಲಿಕ್ಕಿಲ್ಲ!

ಒಳಗೆ ಯಾರೋ ಹೆಂಗಸು ಅಳುತ್ತಿದ್ದದ್ದು ನಿಂತ ಮೇಲೆ, ಅಲ್ಲಿಯವರೆಗೆ ಅಳುತ್ತಿದ್ದರು ಎಂಬುದು ನನಗೆ ಗೊತ್ತಾಯಿತು. ಪಡಸಾಲೆಯ ತುಂಬ ಜನ. ಎಲ್ಲರ ಮುಖ ನನ್ನ ಕಡೆ. ಗೋಡೆಗೆ ಒರಗಿಸಿಟ್ಟ ಒಂದು ಫೋಟೋ, ಅದರ ಮುಂದೆ ದೀಪ. ಫೋಟೋದಲ್ಲಿ ಹಣೆ ತುಂಬ ವಿಭೂತಿ ಹಚ್ಚಿದ, ವಯಸ್ಸಾದ ಒಬ್ಬ ಹೆಣ್ಣುಮಗಳು. ಪಕ್ಕದಲ್ಲಿ ಚಾಪೆಯ ಮೇಲೆ ಕಲ್ಲಪ್ಪ ಮಾಸ್ತರು.

ಅವರೊಬ್ಬರೇ ನನ್ನ ಕಡೆ ನೋಡಲಿಲ್ಲ. ಕೂಗು ಕಿವಿಗೆ ಬಿದ್ದ ಕೂಡಲೇ ಅವರು ಥಟ್ಟನೆ ತಲೆ ಎತ್ತಿ ಒಳಮನೆಯ ಬಾಗಿಲ ಕಡೆ ನೋಡಿದರು. ಕುತ್ತಿಗೆ ಸ್ವಲ್ಪ ಓರೆ ಮಾಡಿ, ಕಿವಿ ಕೊಟ್ಟು ಕಾದರು. ಆ ಭಂಗಿ ನನಗೆ ಗೊತ್ತು. ಇಪ್ಪತ್ತೆರಡು ಸಲ ನೋಡಿದ್ದೇನೆ. ನಾಟಕದಲ್ಲಿ ಆ ಕೂಗಿಗೆ ಪರದೆಯ ಹಿಂದಿನಿಂದ ಒಬ್ಬ ಹೆಣ್ಣುಮಗಳು "ಇನ್ನೂ ಅದೀನಿ, ಒಳಗ ಬರ್ರಿ" ಎನ್ನಬೇಕು, ಕಂಪನಿ ಮಾರುತ್ತಿದ್ದ ನಾಟಕದ ಪುಸ್ತಕದಲ್ಲೂ ಹಾಗೇ ಇದೆ. ಆಗಲೇ ಅವರು ಮುಂದಿನ ಹೆಜ್ಜೆ ಇಡುವುದು.

ಒಳಮನೆಯಿಂದ ಯಾರೂ ಏನೂ ಅನ್ನಲಿಲ್ಲ. ಮಾಸ್ತರು ಮತ್ತೂ ಸ್ವಲ್ಪ ಹೊತ್ತು ಕಾದರು. ಆಮೇಲೆ ತಲೆ ತಗ್ಗಿಸಿದರು.

ಭೂಮಿ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಅಂಥ ಸಂದರ್ಭದಲ್ಲಿ ಭೂಮಿ ಬಾಯಿ ಬಿಡುವುದಿಲ್ಲ. ನಾವೇ ಬಿಡುತ್ತೇವೆ. "ನಮಸ್ಕಾರ್ರೀ, ಭಾಳ ಸಂತೋಷ ಆತು" ಎಂದುಬಿಟ್ಟೆ! ಕನ್ನಡಿ ಮುಂದೆ ಬಾಯಿಪಾಠ ಮಾಡಿದ್ದು ಸಾಲು ತಪ್ಪದೆ ಬಂತು. ಹಾರವನ್ನು ಅವರಿಗೆ ಹಾಕಲು ಬಗ್ಗಿದೆ, ಅಡಿವೆಪ್ಪನವರು ರಟ್ಟೆ ಹಿಡಿದು ಫೋಟೋದ ಕಡೆ ತಿರುಗಿಸಿದರು. ಅಷ್ಟರಲ್ಲಿ ಮೆಟ್ಟಿಲ ಮೇಲಿನ ಅಜ್ಜಿ, ಪಾಪ, ಹಣ್ಣಿರಬೇಕೆಂದು ನನ್ನ ಚೀಲ ಇಸಿದುಕೊಂಡು ಬಿಚ್ಚಿದಳು.

"ಕುಂದಾ?" ಎಂದಳು.

ಮೂರು ದಿನದ ಹಿಂದೆ ಸಾವಾದ ಮನೆಗೆ ಸಿಹಿ ತಂದವರು ಯಾರು ಎಂದು ಪಡಸಾಲೆ ಕಾಯುತ್ತಿತ್ತು. ನಾನು ಏನು ಮಾಡಿದೆ ಎಂದು ಹೇಳಲು ನಾಚಿಕೆಯಾಗುತ್ತದೆ. ಆದರೂ ಹೇಳುತ್ತೇನೆ. "ಅದು ಅಡಿವೆಪ್ಪನವರದು" ಎಂದೆ.

ಅಡಿವೆಪ್ಪನವರು ನನ್ನನ್ನು ಹೊರಗೆ ಹಾಕಲು ಎದ್ದು ನಿಂತರು. ಹಾಕಿದ್ದರೆ ಅವರಿಗೆ ಪುಣ್ಯ ಬರುತ್ತಿತ್ತು. ಮಾಸ್ತರು ಕೈ ಎತ್ತಿ ತಡೆದರು.

"ಕುಂದರ್ಲಿ ಬಿಡ್ರಿ" ಎಂದರು. ಮೂರು ದಿನದಲ್ಲಿ ಅವರ ಬಾಯಿಂದ ಬಂದ ಮೊದಲ ಮಾತು ಅದಂತೆ. ಪಕ್ಕದಲ್ಲಿ ಚಾಪೆ ತೋರಿಸಿದರು. ನಾನು ಕೂತೆ. ಯಾವ ಮನುಷ್ಯನ ಪಕ್ಕ ಒಂದು ಗಳಿಗೆ ಕೂರಬೇಕೆಂದು ಇಡೀ ಆಯುಷ್ಯ ಆಸೆಪಟ್ಟಿದ್ದೆನೋ ಅವರ ಪಕ್ಕ, ಗುಲಾಬಿ ಅಂಗಿಯಲ್ಲಿ, ಅತ್ತರಿನ ವಾಸನೆ ಹೊಡೆಯುತ್ತ ಕೂತೆ.

"ನಮ್ಮ ನಾಟಕಾ ನೋಡೀರೇನು?"

"ಇಪ್ಪತ್ತೆರಡು ಸಲ ರೀ."

"ಎಲ್ಲಿ ಕುಂದರ್ತಿದ್ರಿ?"

"ಮೊದಲನೇ ಸಾಲು ರೀ. ಯಾವಾಗಲೂ."

ಮಾಸ್ತರರ ಮುಖಕ್ಕೆ ಸ್ವಲ್ಪ ಜೀವ ಬಂತು. ನನ್ನ ಕಡೆ ಸರಿದು ಕೂತರು. "ಹಂಗಾರ ನಿಮಗ ಕೇಳಿರಬೇಕು. ಒಳಗಿಂದ ಮಾತಾಡಾಕಿ ಈಕೀನ, ನನ್ನ ಹೇಣ್ತಿ. ಮೂವತ್ತಾರು ವರ್ಷ ಪರದೆ ಹಿಂದ ನಿಂತು ಅದೊಂದ ಮಾತು ಅಂದ್ಲು. ಒಮ್ಮೀನೂ ಮಂದಿ ಮುಂದ ಬರಲಿಲ್ಲ. ಎರಡು ವಿಡಿಯೋ ಅದಾವು, ಅದರಾಗ ಆಕೀ ದನಿ ಬಂದಿಲ್ಲ. ಆಕಿಗೆ ಮೈಕ್ ಇರಲಿಲ್ಲ."

ನಾನು ತಲೆ ಅಲ್ಲಾಡಿಸಿದೆ.

"ಮನ್ಯಾಗಿನ ದನಿ ಕಿವ್ಯಾಗ ಐತಿ. ಚಾ ಕುಡೀರಿ ಅಂದದ್ದು, ಬೈದದ್ದು, ಎಲ್ಲಾ ಐತಿ. ನಾಟಕದಾಗ ಆಕಿ ಬ್ಯಾರೇನ ಅಂತಿದ್ಲು. ಒಂದೀಟು ಎಳದು. ಎಲ್ಲಿ ಎಳೀತಿದ್ಲು ಅನ್ನೂದು ಮೂರು ದಿನ ಆತು, ನೆನಪಿಗೆ ಬರವಲ್ದು. 'ಇನ್ನೂ' ಅನ್ನೂದನ್ನ ಎಳೀತಿದ್ಲೋ, 'ಬರ್ರಿ' ಅನ್ನೂದನ್ನೋ? ನೀವು ಇಷ್ಟು ಸಲ ಕೇಳೀರಿ. ಅಂದು ತೋರಿಸ್ರಿ ನೋಡೂಣು."

ಸುಮ್ಮನೆ 'ನೆನಪಿಲ್ಲ' ಎಂದಿದ್ದರೆ ನಾನು ಮನುಷ್ಯನಾಗುತ್ತಿದ್ದೆ. ಆದರೆ ಮಾಸ್ತರು ಕೇಳುತ್ತಿದ್ದಾರೆ. ನನ್ನನ್ನು! ದನಿ ಸಣ್ಣ ಮಾಡಿಕೊಂಡು, ಸೆರಗಿನ ಹಿಂದಿನಿಂದ ಅಂದಂತೆ ಅಂದೆ:

"ಇನ್ನೂ... ಅದೀನಿ, ಒಳಗ ಬರ್ರಿ."

ಒಳಮನೆಯಲ್ಲಿ ಹೆಂಗಸರು ಒಮ್ಮೆಲೇ ಗೊಳೋ ಎಂದು ಅತ್ತರು. ಮಾಸ್ತರು ಕಣ್ಣು ಮುಚ್ಚಿ ಕೇಳಿದರು.

"ಹಂಗಲ್ಲ" ಎಂದರು. ಸಿಟ್ಟಿರಲಿಲ್ಲ. ತಾಲೀಮಿನಲ್ಲಿ ಹೊಸಬನಿಗೆ ಹೇಳಿದ ಹಾಗಿತ್ತು. "ಇನ್ನೊಮ್ಮೆ ನೋಡ್ರಿ."

ನಾನು ನೋಡಿದೆ. ಬಾಯಿ ತೆರೆದೆ, ಮುಚ್ಚಿದೆ.

ಅಡಿವೆಪ್ಪನವರು ಎದ್ದಾಗ ನಾನೂ ಎದ್ದೆ. ಸಾವಾದ ಮನೆಯಿಂದ ಹೊರಡುವಾಗ 'ಬರ್ತೀವಿ' ಎನ್ನಬಾರದು, ಮನೆಯವರೂ 'ಬರ್ರಿ' ಎನ್ನುವುದಿಲ್ಲ. ಸುಮ್ಮನೆ ಎದ್ದು ನಡೆಯಬೇಕು. ಅಷ್ಟು ಹೊತ್ತಿಗೆ ನನ್ನ ಬಾಯಿಗೂ ಸಾಕಾಗಿತ್ತು, ಮುಚ್ಚಿಕೊಂಡೇ ಹೊಸ್ತಿಲು ದಾಟಿದೆ. ಹಿಂದಿನಿಂದ ಮಾಸ್ತರು ಕರೆದರು.

"ಏನ್ರೀ, ನೆನಪಾದ್ರ ಬರ್ರಿ."

ತಿರುಗಿ ನೋಡಿದೆ.

"ನೆನಪಾಗಲಿಲ್ಲಂದ್ರ ಬ್ಯಾಡ" ಎಂದರು.

ಅನಗೋಳದವರೆಗೆ ಗಾಡಿಯಲ್ಲಿ ಯಾರೂ ಮಾತಾಡಲಿಲ್ಲ. ಅಡಿವೆಪ್ಪನವರು ಇವತ್ತಿಗೂ ಮಾತಾಡುವುದಿಲ್ಲ. ನಮ್ಮಾಕೆ ಬಾಗಿಲಲ್ಲೇ ನಿಂತಿದ್ದಳು.

"ಮಾಸ್ತರು ಮಾತಾಡಿದ್ರೇನು?"

"ಮಾತಾಡಿದ್ರು."

"ಮತ್ತ ಬರ್ರಿ ಅಂದ್ರೇನು?"

"ಅಂದ್ರು."

"ಅಯ್ಯ! ಯಾವಾಗ ಹೋಗ್ತೀರಿ ಹಂಗಾರ?" ಎಂದು ಅವಳು ಸಂಭ್ರಮದಿಂದ ಕೇಳಿದಳು. ಅವಳಿಗೆ ನಿಜ ಹೇಳಲು ನನಗೆ ಎರಡು ದಿನ ಬೇಕಾಯಿತು.

ಇದಾಗಿ ಎರಡು ತಿಂಗಳಾಯಿತು. ದಿನಾ ಕಚೇರಿಯಿಂದ ಬಂದು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕೂರುತ್ತೇನೆ. ಎಲ್ಲವೂ ಸ್ವಚ್ಛ ಕಾಣುತ್ತದೆ. ವಾರೆ ಟೊಪ್ಪಿಗೆ ಕಾಣುತ್ತದೆ, ಕೋಲು ಕುಟ್ಟುತ್ತದೆ, ಮಾಸ್ತರು ಕೂಗುತ್ತಾರೆ. ಇನ್ನೇನು ಪರದೆಯ ಹಿಂದಿನಿಂದ ಆ ತಾಯಿ ಬಾಯಿ ತೆರೆಯಬೇಕು, ಅಷ್ಟರಲ್ಲಿ ಮೊದಲನೇ ಸಾಲಿನಲ್ಲಿ ಯಾವನೋ ಒಬ್ಬ ಹೋ ಎಂದು ನಗಲು ಶುರುಮಾಡುತ್ತಾನೆ. ಎಲ್ಲರಿಗಿಂತ ಮೊದಲು ಶುರುಮಾಡಿ, ಎಲ್ಲರಿಗಿಂತ ಕೊನೆಗೆ ನಿಲ್ಲಿಸುತ್ತಾನೆ. ಅವನು ನಿಲ್ಲಿಸುವ ಹೊತ್ತಿಗೆ ಮಾಸ್ತರು ಒಳಗೆ ಹೋಗಿಯೇ ಬಿಟ್ಟಿರುತ್ತಾರೆ. ಇಪ್ಪತ್ತೆರಡು ಸಲವೂ ಅಷ್ಟೇ. ಅವನ ದನಿ ಮಾತ್ರ ನನಗೆ ಎಲ್ಲಿ ಎಳೆಯುತ್ತಾನೆ ಎಂಬುದರ ಸಮೇತ ನೆನಪಿದೆ. ನನ್ನದೇ ಅಲ್ಲವೇ!