ಇವಳಿಗೆ ಹೆದರಿಕೆ, ಡಾಕ್ಟ್ರೇ

ಕಾಯಿಲೆಗಳಲ್ಲೂ ಮರ್ಯಾದಸ್ಥ ಕಾಯಿಲೆ, ಮರ್ಯಾದೆಗೆಟ್ಟ ಕಾಯಿಲೆ ಎಂದು ಎರಡು ಬಗೆ ಇವೆ ಎಂಬುದು ನನಗೆ ಗೊತ್ತಾದದ್ದು ಈಚೆಗೆ. ಹೃದಯದ್ದು ಬಹಳ ಮರ್ಯಾದೆಯ ಕಾಯಿಲೆ; ನೆಂಟರಿಷ್ಟರು ಮೋಸಂಬಿ ಹಿಡಿದು ನೋಡಲು ಬರುತ್ತಾರೆ. ನನ್ನದೂ ಅದೇ ಎಂದುಕೊಂಡಿದ್ದೆ. ನಾನು ಹೊಸನಗರದ ಹೈಸ್ಕೂಲೊಂದರ ಡ್ರಿಲ್ ಮಾಸ್ತರು. ಒಂದು ಬೆಳಿಗ್ಗೆ ಪ್ರಾರ್ಥನೆಗೆ ಮಕ್ಕಳನ್ನು ನಿಲ್ಲಿಸಿ 'ಸಾವಧಾನ್' ಎಂದವನಿಗೆ ಎದೆ ಡವಡವ ಹೊಡೆದುಕೊಂಡು, ಉಸಿರು ಸಿಗದೆ, ಕೈಕಾಲು ತಣ್ಣಗಾಗಿ, ಇನ್ನು ಸತ್ತೆ ಅನ್ನಿಸಿಬಿಟ್ಟಿತು. ಧ್ವಜಸ್ತಂಭದ ಕಟ್ಟೆಯ ಮೇಲೆ ಕುಸಿದೆ. 'ವಿಶ್ರಾಮ್' ಹೇಳುವವರಿಲ್ಲದೆ ಮಕ್ಕಳು ಹಾಗೇ ಕಂಬದಂತೆ ನಿಂತಿದ್ದರಂತೆ. ನನ್ನ ಶಿಸ್ತಿನ ಬಗ್ಗೆ ಹೆಮ್ಮೆಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಇಸಿಜಿ ನಾರ್ಮಲ್ ಬಂತು. ಹೆಡ್ಮಾಸ್ತರು, "ಗ್ಯಾಸು ಮಾರಾಯ್ರೆ, ಶುಂಠಿ ಕಷಾಯ ಕುಡೀರಿ" ಎಂದರು. ಕುಡಿದೆ. ಆದರೆ ಅದು ಬಸ್ಸಿನಲ್ಲಿ ಬಂತು, ಮದುವೆ ಊಟದ ಪಂಕ್ತಿಯಲ್ಲಿ ಪಾಯಸದ ಹೊತ್ತಿಗೂ ಬಂತು. ಮತ್ತೆ ಬಂದೀತೆಂಬ ಭಯಕ್ಕೆ ಮೈದಾನಕ್ಕಿಳಿಯುವುದನ್ನೇ ಬಿಟ್ಟೆ. ಹೀಗೇ ಆದರೆ ನೌಕರಿ ಉಳಿಯುವುದಿಲ್ಲವೆಂದು ಗೊತ್ತಿತ್ತು. ಕೊನೆಗೆ ಇಸಿಜಿ ಮಾಡಿಸಿದ ಡಾಕ್ಟರೇ ಮನೋವೈದ್ಯರ ಹತ್ತಿರ ಹೋಗಿ ಎಂದರು. ತೀರ್ಥಹಳ್ಳಿಗೆ ಹೋಗೋಣವೆಂದರೆ ಅದು ಹೆಂಡತಿಯ ತವರು, ಅಲ್ಲಿ ಎದುರಿಗೆ ಸಿಕ್ಕವರೆಲ್ಲ ನೆಂಟರೇ. ಹಾಗಾಗಿ ಹೆಂಡತಿ ಸುಮಾಳನ್ನು ಕರೆದುಕೊಂಡು ಸಾಗರಕ್ಕೆ ಹೋದೆ.

ನಮ್ಮ ಕಡೆ ಡಾಕ್ಟರ ಮುಂದೆ ಪೇಷೆಂಟು ಮಾತಾಡುವ ಪದ್ಧತಿ ಕಡಿಮೆ, ಹೆಂಗಸರಂತೂ ಇಲ್ಲವೇ ಇಲ್ಲ. ಅವರು ಸ್ಟೂಲಿನ ಮೇಲೆ ಸುಮ್ಮನೆ ಕೂರುವುದು, ಜೊತೆಗೆ ಬಂದವರು ವರದಿ ಒಪ್ಪಿಸುವುದು. ಸುಮಾಳ ತಲೆನೋವು, ಸೊಂಟನೋವುಗಳನ್ನೆಲ್ಲ ಇಷ್ಟು ವರ್ಷ ವಿವರಿಸಿದವನು ನಾನೇ. ಆ ಅಭ್ಯಾಸವೋ, ಹೇಡಿತನವೋ, ಡಾಕ್ಟರು "ಯಾರಿಗೆ ತೊಂದ್ರೆ?" ಎಂದಾಗ ನನ್ನ ಬಾಯಿಂದ "ಇವಳಿಗೆ ಹೆದರಿಕೆ, ಡಾಕ್ಟ್ರೇ" ಎಂದು ಬಂದುಬಿಟ್ಟಿತು.

ಸುಮಾ ನನ್ನನ್ನೊಮ್ಮೆ ನೋಡಿದಳು, ಅಷ್ಟೆ. ನಾನು ಎದೆಬಡಿತದ ವರ್ಣನೆ ಶುರುಮಾಡುತ್ತಿದ್ದಂತೆ ಡಾಕ್ಟರು ಕೈ ಅಡ್ಡ ಹಿಡಿದು "ಅವರೇ ಹೇಳ್ಲಿ" ಎಂದರು. ಕೆಟ್ಟೆ ಎಂದುಕೊಂಡೆ.

"ಇದ್ದಕ್ಕಿದ್ದಂಗೆ ಬರ್ತದೆ ಡಾಕ್ಟ್ರೇ," ಎಂದಳು ಸುಮಾ, ನಿಧಾನವಾಗಿ. "ಅನ್ನ ಬಡಿಸ್ತಾ ಇದ್ರೂ ಬರ್ತದೆ. ಗೋಡೆ ಹತ್ರ ಬಂದಂಗಾಗ್ತದೆ. ಬಾಗ್ಲು ತೆಗ್ದು ಓಡಿಬಿಡನ ಅನ್ನಿಸ್ತದೆ. ಎಂತ ಅಂತ ಹೇಳದು? ನಗ್ತಾರೆ."

ನನ್ನ ಮಾನ ಉಳಿಸಲು ಎಷ್ಟು ಚಂದ ಹೇಳುತ್ತಾಳಲ್ಲ ಎಂದು ನನಗೆ ಕಣ್ಣು ತುಂಬಿ ಬಂತು. ಬಸ್ ಸ್ಟ್ಯಾಂಡಿಗೆ ಬಂದಮೇಲೆ, "ನಂಗಾಗದೆಲ್ಲ ನಿಂಗೆ ಹೆಂಗೆ ಗೊತ್ತಾಯ್ತೇ?" ಎಂದು ಕೇಳಿದೆ.

ಅವಳು ಔಷಧಿ ಚೀಟಿಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡಳು. "ನಿಮ್ದು ನಂಗೆಂತ ಗೊತ್ತು? ನಾನು ನಂದೇ ಹೇಳ್ದೆ."

ಮುಂದಿನ ಸಲ ಹೋದಾಗ ನನ್ನದನ್ನೂ ಒಪ್ಪಿಕೊಂಡೆ. ಡಾಕ್ಟರು ನಗಲಿಲ್ಲ, ಇನ್ನೊಂದು ಕುರ್ಚಿ ತರಿಸಿದರು. ಈಗ ಇಬ್ಬರಿಗೂ ಚಿಕಿತ್ಸೆ. ನಾನು ಮತ್ತೆ ಮೈದಾನಕ್ಕಿಳಿದಿದ್ದೇನೆ. ಹೆದರಿಕೆ ಬಂದರೂ ಹೋಗುತ್ತದೆ ಎಂಬ ಧೈರ್ಯ ಬಂದಿದೆ. ಸುಮಾಳ ಬಗ್ಗೆ ಡಾಕ್ಟರ ಮುಂದೆ ನಾನು ಸರಿಯಾದ ವರದಿ ಕೊಟ್ಟದ್ದು ಅದೊಂದೇ ಸಲ. ಅದೂ ಸುಳ್ಳು ಹೇಳಲು ಹೋಗಿ.