ಶಾಮಿಯಾನ ಕನಕರಾಜನ ಅರ್ಧ ಮಾಫಿ

ಕೋರ್ಟಿನ ಕಾಗದವನ್ನು ಪೋಸ್ಟ್‌ಮ್ಯಾನ್ ಸರಿಯಾದ ಮನೆಗೇ ತಂದಿದ್ದ. ಆದರೆ ಆ ಹೊತ್ತಿಗೆ ಕನಕರಾಜ ಯಾರದೋ ನಾಮಕರಣಕ್ಕೆ ಶಾಮಿಯಾನ ಕಟ್ಟಲು ಹೋಗಿದ್ದ. ಹೆಂಡತಿ ಚಂದ್ರಕಲಾ ಕಂಪ್ಲಿಯ ತವರಿನಲ್ಲಿದ್ದಳು. ಹೀಗಾಗಿ ಕಾಗದ ಪಕ್ಕದ ಮನೆಯ ಭರಮಮ್ಮನ ಕೈಸೇರಿತು.

ಭರಮಮ್ಮನಿಗೆ ಓದಲು ಬಾರದು. ಆದರೆ ಲಕೋಟೆಯ ಮೇಲೆ ಅರಿಶಿನ ಹಚ್ಚದಿರುವುದನ್ನು ನೋಡಿಯೇ ಇದು ಶುಭ ಸಮಾಚಾರವಲ್ಲ ಎಂದು ಹೇಳುವಷ್ಟು ಅನುಭವ ಇತ್ತು. ಎದುರು ಮನೆಯ ಓಬಳಪ್ಪನಿಂದ ಓದಿಸಿದಳು. ಕನಕರಾಜ ಬ್ಯಾಂಕಿನ ಸಾಲ ಕಟ್ಟಿಲ್ಲ, ಶನಿವಾರ ಹೊಸಪೇಟೆ ಕೋರ್ಟಿನಲ್ಲಿ ಲೋಕ ಅದಾಲತ್ ಇದೆ, ಬಂದು ರಾಜಿ ಮಾಡಿಕೊಳ್ಳಬೇಕು ಎಂದಿತ್ತು. ಕೆಟ್ಟ ಸುದ್ದಿಯನ್ನು ಹಸಿದವನಿಗೆ ಹೇಳಬಾರದು ಎಂಬುದು ಭರಮಮ್ಮನ ಪದ್ಧತಿ. ಕನಕರಾಜನೋ ಯಾವಾಗ ನೋಡಿದರೂ ಹಸಿದೇ ಇರುತ್ತಿದ್ದ. ಕಾಗದ ದೇವರ ಜಗಲಿಯ ಮೇಲೆ ಕುಳಿತಿತು. ಶನಿವಾರ ಬೆಳಗ್ಗೆ ಅವನು ಉಪ್ಪಿಟ್ಟು ತಿಂದು ಕೈ ತೊಳೆದದ್ದನ್ನು ಕಣ್ಣಾರೆ ಕಂಡ ಮೇಲೆಯೇ ಅವಳು ಅದನ್ನು ತಂದು ಕೊಟ್ಟಳು. ಅಷ್ಟರಲ್ಲಿ ಕಡ್ಡಿರಾಂಪುರದಲ್ಲಿ ಆ ವಿಷಯ ಗೊತ್ತಿಲ್ಲದವನು ಕನಕರಾಜ ಒಬ್ಬನೇ ಆಗಿದ್ದ.

ಸಾಲ ಮಾಡಿದ್ದು ಅವನು ಮೋಜಿಗಲ್ಲ. ಕುರ್ಚಿ, ಅಡುಗೆ ಪಾತ್ರೆ, ಜರಿ ಅಂಚಿನ ಹೊಸ ಶಾಮಿಯಾನ ಕೊಂಡಿದ್ದ. ವ್ಯಾಪಾರವೂ ಚೆನ್ನಾಗಿಯೇ ನಡೆಯಿತು. ಊರಿನಲ್ಲಿ ಯಾರ ಮಗಳು ಮದುವೆಯಾದರೂ, ಯಾರ ಮೊಮ್ಮಗ ತೊಟ್ಟಿಲೇರಿದರೂ ಕನಕರಾಜನದೇ ನೆರಳು. ಬಾಡಿಗೆ ಮಾತ್ರ ಯಾರೂ ಕೊಡುತ್ತಿರಲಿಲ್ಲ. ಅವನಿಗೆ ಕೇಳಲೂ ಬಾರದು. ತನ್ನ ದುಡ್ಡನ್ನೇ ಕೇಳುವಾಗಲೂ ಮಾವನ ಮನೆಯಲ್ಲಿ ಎರಡನೇ ಸಲ ಅನ್ನ ಕೇಳುವ ಹೊಸ ಅಳಿಯನ ಹಾಗೆ ನೆಲ ನೋಡುತ್ತಿದ್ದ. ಹೀಗೆ ಊರಿನಿಂದ ಅವನಿಗೆ ಬರಬೇಕಾದದ್ದು ಒಂದು ಲಕ್ಷ ಇಪ್ಪತ್ತು ಸಾವಿರ. ಬಡ್ಡಿ, ದಂಡ ಎಲ್ಲ ಸೇರಿ ಅವನು ಬ್ಯಾಂಕಿಗೆ ಕೊಡಬೇಕಾದದ್ದೂ ಸರಿಯಾಗಿ ಅಷ್ಟೇ ಆಗಿ ಕೂತಿತ್ತು.

ಕಾಗದ ಓದಿ ಕನಕರಾಜ ತನ್ನದೇ ಕುರ್ಚಿಯೊಂದರ ಮೇಲೆ ಕುಸಿದ. ಸುತ್ತ ಮೂವರು ನಿಂತರು. ಒಬ್ಬಳು ಭರಮಮ್ಮ. ಇನ್ನೊಬ್ಬ ಗಣಿ ಕಂಪನಿಯಲ್ಲಿ ಅಟೆಂಡರಾಗಿದ್ದು, ಫೈಲು ಹೊತ್ತು ಹೊತ್ತು ಕಾನೂನು ಕಲಿತೆನೆಂದು ನಂಬಿದ್ದ ಓಬಳಪ್ಪ. ಮೂರನೆಯವನು ಹೋಂಸ್ಟೇ ಇಟ್ಟು, ಅದರ ಪ್ರಾರಂಭೋತ್ಸವದ ಶಾಮಿಯಾನದ ಬಾಡಿಗೆ ಇನ್ನೂ ಕೊಡದಿದ್ದ ವಿರುಪಾಕ್ಷಪ್ಪ.

ವಿರುಪಾಕ್ಷಪ್ಪ ತನಗೊಬ್ಬ ಏಜೆಂಟು ಗೊತ್ತು, ಹತ್ತು ಸಾವಿರ ಬಿಸಾಕಿದರೆ ಕಂಪ್ಯೂಟರಿನಿಂದ ಹೆಸರೇ ಅಳಿಸಿಬಿಡುತ್ತಾನೆ ಎಂದ. ಓಬಳಪ್ಪ ಅದೆಲ್ಲ ಕಳ್ಳ ದಾರಿ, ದಿವಾಳಿ ಅರ್ಜಿ ಹಾಕುವುದೇ ರಾಜಮಾರ್ಗ ಎಂದ. ದಿವಾಳಿ ಎಂದ ಕೂಡಲೇ ಭರಮಮ್ಮ ಎದೆ ಮುಟ್ಟಿಕೊಂಡು, ಹಾಗೆ ಮಾಡಿದರೆ ಹುಡುಗನಿಗೆ ಯಾರು ಹೆಣ್ಣು ಕೊಡುತ್ತಾರೆ ಎಂದು ಕೇಳಿದಳು. ಅವನಿಗೆ ಮದುವೆಯಾಗಿ ಹನ್ನೆರಡು ವರ್ಷವಾಗಿದೆ ಎಂದು ನೆನಪಿಸಿದ ಮೇಲೂ ಆ ಚಿಂತೆ ಅವಳನ್ನು ಪೂರ್ತಿ ಬಿಡಲಿಲ್ಲ.

ಕಾಗದದ ಕೆಳಗೆ ಕಾನೂನು ಸೇವಾ ಸಮಿತಿಯ ಒಂದು ನಂಬರಿತ್ತು. ಕನಕರಾಜ ಒಳಗೆ ಹೋಗಿ, ಸದ್ದಿಲ್ಲದೆ ಫೋನ್ ಮಾಡಿದ. ಹೇಮಾವತಿ ಎಂಬ ಸ್ವಯಂಸೇವಕಿ ಎತ್ತಿ, ಮಗುವಿಗೆ ಔಷಧಿ ಕುಡಿಸುವಷ್ಟು ತಾಳ್ಮೆಯಿಂದ ಎಲ್ಲ ತಿಳಿಸಿದಳು. ಏಜೆಂಟಿಗೆ ಒಂದು ಪೈಸೆಯನ್ನೂ ಕೊಡಬೇಡಿ. ಈ ಸಾಲ ತೀರಿಸಲು ಮೊಬೈಲಿನ ಆ್ಯಪಿನಲ್ಲಿ ಇನ್ನೊಂದು ಸಾಲ ತೆಗೆಯಬೇಡಿ. ದಿವಾಳಿ ಅರ್ಜಿಯೂ ಒಂದು ದಾರಿಯೇ, ಆದರೆ ವರ್ಷಗಟ್ಟಲೆ ಎಳೆಯುತ್ತದೆ. ಅದಾಲತ್‌ಗೆ ಫೀಸಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿ, ದಂಡ ಬಡ್ಡಿ ಬಿಡಿಸಿಕೊಳ್ಳಿ, ಒಂದೇ ಗಂಟಿಗೆ ಕಟ್ಟುತ್ತೇನೆ ಎಂದು ಅಸಲಿನಲ್ಲೂ ಸ್ವಲ್ಪ ರಿಯಾಯಿತಿ ಕೇಳಿ. ಕೊನೆಗೆ, "ಒಬ್ಬರೇ ಬರ್ರಿ. ಗುಂಪು ಕಟ್ಟಿಕೊಂಡು ಬರಬ್ಯಾಡ್ರಿ" ಎಂದಳು.

ಕನಕರಾಜ ಹೊರಬಂದಾಗ ಮೂವರೂ ಅವನ ಲಗೇಜ್ ಆಟೊದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಾಗಿತ್ತು. ಭರಮಮ್ಮ ಬುತ್ತಿ ಕಟ್ಟಿಕೊಂಡಿದ್ದಳು.

"ಯವ್ವಾ, ಒಬ್ಬನ ಬಾ ಅಂದಾರ" ಎಂದ ಕನಕರಾಜ.

"ಕೋರ್ಟಿಗೆ ಒಬ್ಬನ ಕಳಿಸಾಕ ನೀ ಏನು ಅನಾಥ ಏನಲೇ" ಎಂದಳು ಭರಮಮ್ಮ. ಅವಳ ಕಣ್ಣು ಆಗಲೇ ತುಂಬಿತ್ತು. ಅಲ್ಲಿಗೆ ಮಾತು ಮುಗಿಯಿತು.

ಪ್ಲಾಸ್ಟಿಕ್ ಕುರ್ಚಿಗಳು ರಸ್ತೆಯ ಪ್ರತಿ ಉಬ್ಬಿಗೂ ಒಂದು ಗೇಣು ಹಿಂದಕ್ಕೆ, ಪ್ರತಿ ಬ್ರೇಕಿಗೂ ಎರಡು ಗೇಣು ಮುಂದಕ್ಕೆ ಜಾರುತ್ತಿದ್ದವು. ಅನಂತಶಯನಗುಡಿ ದಾಟುವ ಹೊತ್ತಿಗೆ ಓಬಳಪ್ಪ ಮತ್ತು ವಿರುಪಾಕ್ಷಪ್ಪ ಪರಸ್ಪರರ ತೊಡೆಯ ಮೇಲೆ ಎರಡೆರಡು ಸಲ ಕುಳಿತು ಎದ್ದಿದ್ದರು. ಅಲ್ಲಿ ಪೊಲೀಸರು ಕೈ ಅಡ್ಡ ಹಿಡಿದರು. ಸಾಮಾನಿನ ಗಾಡಿಯಲ್ಲಿ ಜನರನ್ನು ಕೂಡಿಸಿಕೊಂಡು ಎಲ್ಲಿಗೆ ಹೊರಟಿದ್ದೀರಿ ಎಂದು ಹವಾಲ್ದಾರರು ಕೇಳಿದರು. ಕೋರ್ಟಿಗೆ ಎಂದಳು ಭರಮಮ್ಮ ಹೆಮ್ಮೆಯಿಂದ. ಹಾಗಾದರೆ ನನ್ನ ಕೆಲಸ ಅರ್ಧ ಕಡಿಮೆಯಾಯಿತು ಎಂದು ಅವರು ದಂಡದ ಚೀಟಿ ಹರಿದುಕೊಟ್ಟು, ಮೂವರನ್ನೂ ಕೆಳಗಿಳಿಸಿದರು. ಖಾಲಿ ಕುರ್ಚಿಗಳನ್ನು ಹೊತ್ತ ಆಟೊ ಮುಂದೆ, ಬಾಡಿಗೆ ಆಟೊದಲ್ಲಿ ಮೂವರು ಹಿಂದೆ. ಬಾಡಿಗೆ ಕನಕರಾಜನದು.

ಕೋರ್ಟಿನ ಹಾಲಿನಲ್ಲಿ ಸಂತೆಯಷ್ಟು ಜನ. ಮೇಜಿನ ಹಿಂದೆ ನ್ಯಾಯಾಧೀಶರು, ಒಂದು ಪಕ್ಕದಲ್ಲಿ ಬ್ಯಾಂಕಿನ ಅಧಿಕಾರಿಯಾದ ಕನ್ನಡಕದ ಹೆಣ್ಣುಮಗಳು. ಎದುರಿನ ಕುರ್ಚಿಯಲ್ಲಿ ಕನಕರಾಜ ಕುಳಿತ. ಬೆನ್ನ ಹಿಂದೆ ಮೂವರೂ ಗೋಡೆಯಂತೆ ನಿಂತರು.

ಯಾಕೆ ಕಟ್ಟಿಲ್ಲ ಎಂದು ನ್ಯಾಯಾಧೀಶರು ಮೆತ್ತಗೆ ಕೇಳಿದರು. ಇದ್ದದ್ದು ಇದ್ದ ಹಾಗೆ ಹೇಳಿ ಎಂದಿದ್ದಳು ಹೇಮಾವತಿ. ಆದರೆ ಇದ್ದದ್ದೆಲ್ಲ ಬೆನ್ನ ಹಿಂದೆಯೇ ನಿಂತಿತ್ತು. ಕೈಗೆ ರೊಕ್ಕ ಬರುತ್ತಿಲ್ಲ ಎಂದಷ್ಟೇ ಅವನು ತೊದಲಿದ. ವ್ಯಾಪಾರ ಬಿದ್ದಿದೆಯೇ ಎಂದು ಅವರು ಕೇಳಿದರು.

ಊರ ಹುಡುಗನ ವ್ಯಾಪಾರಕ್ಕೆ ಬಿದ್ದಿದೆ ಎನ್ನುವ ಮಾತು ಅಂಟುವುದನ್ನು ಭರಮಮ್ಮ ಸಹಿಸುವವಳಲ್ಲ. "ಯಾಕ ಬೀಳತೈತ್ರಿ ಸಾಹೇಬ್ರ. ಅವನ ಶಾಮಿಯಾನ ಇಲ್ಲದ ನಮ್ಮೂರಾಗ ಒಂದು ತಾಳಿ ಕಟ್ಟಂಗಿಲ್ಲ" ಎಂದಳು.

ಬ್ಯಾಂಕಿನ ಅಧಿಕಾರಿ ಕನ್ನಡಕ ಸರಿಪಡಿಸಿಕೊಂಡು, ವ್ಯಾಪಾರ ಚೆನ್ನಾಗಿದೆ ಎಂದು ಬರೆದುಕೊಂಡರು. ಕೆಟ್ಟದ್ದನ್ನು ಸರಿಮಾಡಲು ಓಬಳಪ್ಪ ಮುಂದೆ ಬಂದು, ವ್ಯಾಪಾರ ಇದೆ ನಿಜ, ಆದರೆ ಯಾರೂ ಬಾಡಿಗೆ ಕೊಡುವುದಿಲ್ಲ ಎಂದ. ಯಾರು ಕೊಡುವುದಿಲ್ಲ ಎಂದು ನ್ಯಾಯಾಧೀಶರು ಕೇಳಿದರು. ಓಬಳಪ್ಪ ಫ್ಯಾನು ನೋಡಿದ. ವಿರುಪಾಕ್ಷಪ್ಪನಿಗೆ ಕೆಮ್ಮು ಬಂತು. ಭರಮಮ್ಮ ಸೆರಗಿನ ತುದಿಯಲ್ಲಿ ಏನನ್ನೋ ಹುಡುಕತೊಡಗಿದಳು.

ಹಿರಿಯರಾದ ನ್ಯಾಯಾಧೀಶರಿಗೆ ಎಲ್ಲ ಅರ್ಥವಾಯಿತು. ನಗು ನುಂಗಿಕೊಂಡು ಬ್ಯಾಂಕಿನವರತ್ತ ತಿರುಗಿದರು. ಕಾರು, ಬಂಗಲೆ ಇಟ್ಟುಕೊಂಡು ಕೈ ಎತ್ತಿದವನಲ್ಲ ಇವನು, ದೊಡ್ಡ ಮನಸ್ಸು ಮಾಡಿ ಎಂದರು. ಅಧಿಕಾರಿ ಹೊರಹೋಗಿ ಮೇಲಿನವರಿಗೆ ಫೋನ್ ಮಾಡಿ ಬಂದರು. ಬಡ್ಡಿ, ದಂಡ ಪೂರ್ತಿ ಮನ್ನಾ, ಅಸಲಿನಲ್ಲೂ ಸ್ವಲ್ಪ ರಿಯಾಯಿತಿ. ಅರವತ್ತು ಸಾವಿರ ಕಟ್ಟಿದರೆ ಸಾಕು, ಆದರೆ ಒಂದು ತಿಂಗಳೊಳಗೆ, ಒಂದೇ ಗಂಟಿಗೆ. ಈ ಸಾಲ ಪೂರ್ತಿ ತೀರಿಸದೆ ರಾಜಿಯಾದದ್ದು ಎಂದು ದಾಖಲೆಯಲ್ಲಿ ಇರುತ್ತದೆ, ಸದ್ಯಕ್ಕೆ ಹೊಸ ಸಾಲ ಸಿಗುವುದು ಕಷ್ಟ ಎಂದೂ ಹೇಳಿದರು. ಹೊಸ ಸಾಲ ಸಿಗದಿದ್ದರೆ ಅದಕ್ಕಿಂತ ಪುಣ್ಯವಿಲ್ಲ ಎಂದುಕೊಂಡು ಕನಕರಾಜ ಸಹಿ ಹಾಕಿದ.

ನ್ಯಾಯಾಧೀಶರು ಇಬ್ಬರ ಕೈ ಕುಲುಕಿದರು. "ಕೊಟ್ಟವರು ಅರ್ಧ ಬಿಡಬೇಕು, ತಗೊಂಡವರು ಅರ್ಧ ಕಟ್ಟಬೇಕು, ಇಬ್ಬರೂ ನಗ್ತಾ ಮನೆಗೆ ಹೋಗಬೇಕು. ಲೋಕ ಅದಾಲತ್ ಅಂದ್ರೆ ಇಷ್ಟೇ" ಎಂದರು.

ಹಿಂದೆ ನಿಂತ ಮೂವರೂ ಈ ಮಾತನ್ನು ತೀರ್ಥ ತೆಗೆದುಕೊಂಡಷ್ಟು ಭಕ್ತಿಯಿಂದ ಕೇಳಿಸಿಕೊಂಡರು.

ಕನಕರಾಜ ಆಧಾರ್ ಜೆರಾಕ್ಸ್ ಮಾಡಿಸಲು ಹೊರಗೆ ಓಡಿದ. ಬಿಸಿಲು ಬೆಳದಿಂಗಳಾಗಿತ್ತು. ಊರಿನ ಬಾಕಿ ಒಂದು ಲಕ್ಷ ಇಪ್ಪತ್ತು ಸಾವಿರ. ಈ ಸಲ ನಾಚಿಕೆ ಬಿಟ್ಟು ವಸೂಲಿ ಮಾಡುವುದು, ಅರವತ್ತು ಬ್ಯಾಂಕಿನ ಮುಖಕ್ಕೆ ಎಸೆಯುವುದು, ಉಳಿದ ಅರವತ್ತರಲ್ಲಿ ಚಂದ್ರಕಲಾಳಿಗೆ ಕಿವಿಯದೊಂದು ಮಾಡಿಸುವುದು. ಅವಳಿಗೆ ಫೋನ್ ಮಾಡಿ ಹೇಳಿಯೂ ಬಿಟ್ಟ. ಹಿಂದೆಂದೂ ಇಲ್ಲದ ಉದಾರತೆಯಲ್ಲಿ ಎರಡು ಮಿರ್ಚಿ ತಿಂದು, ಮೂವರಿಗೂ ಕಟ್ಟಿಸಿಕೊಂಡ.

ಜೆರಾಕ್ಸ್ ಅಂಗಡಿಯ ಸರದಿ ಮುಗಿಸಿ ಒಂದು ತಾಸಿನ ಮೇಲೆ ವಾಪಸು ಬರುವಾಗ ಹಾಲಿನಿಂದ ಅವನ ಹೆಸರನ್ನು ಮತ್ತೆ ಕೂಗುವುದು ಕೇಳಿಸಿತು. ಬ್ಯಾಂಕಿನವರು ಮನಸ್ಸು ಬದಲಿಸಿದರೆಂದು ಹೆದರಿ ಓಡಿಹೋದ. ಬ್ಯಾಂಕಿನ ಅಧಿಕಾರಿ ಎದ್ದು ತಮ್ಮ ಕುರ್ಚಿಯನ್ನೇ ಅವನಿಗೆ ಬಿಟ್ಟುಕೊಟ್ಟರು. ಕುಳಿತು ನೋಡಿದರೆ, ಬೆಳಗ್ಗೆ ತಾನು ಕುಳಿತ ಜಾಗದಲ್ಲಿ ಓಬಳಪ್ಪ ಕೈಮುಗಿದು ಕುಳಿತಿದ್ದಾನೆ. ಅವನ ಹಿಂದೆ ಭರಮಮ್ಮ, ವಿರುಪಾಕ್ಷಪ್ಪ. ಅವರ ಹಿಂದೆ, ವಿರುಪಾಕ್ಷಪ್ಪನ ಫೋನಿಗೆ ಓಗೊಟ್ಟು ಎರಡು ಆಟೊಗಳಲ್ಲಿ ಬಂದಿಳಿದ ಊರಿನ ಸಮಸ್ತ ಬಾಕಿದಾರರು.

ಬಾಗಿಲ ಬಳಿ ಹೇಮಾವತಿ ಅರ್ಜಿಗಳ ಕಟ್ಟು ಹಿಡಿದು ನಿಂತಿದ್ದಳು. ಕೋರ್ಟಿಗೆ ಹೋಗುವ ಮುಂಚಿನ ವ್ಯಾಜ್ಯವನ್ನೂ ಇಲ್ಲಿ ರಾಜಿ ಮಾಡಿಸಬಹುದು, ಕೇಳಿಬಂದವರಿಗೆ ಇಲ್ಲ ಎನ್ನುವಂತಿಲ್ಲ ಎಂದು ಅವನ ಮುಖ ನೋಡದೆ ವಿವರಿಸಿದಳು.

ಓಬಳಪ್ಪ ಶುರುಮಾಡಿದ. "ಸಾಹೇಬ್ರ, ಈ ಕನಕರಾಜನ ಬಾಕಿ ಕೊಡಬಾರದಂತ ನಮ್ಮ ಮನಸ್ಸಿನಾಗಿಲ್ಲ. ಕೈಗೆ ರೊಕ್ಕ ಬರವಲ್ದು. ನಾವೇನು ಕಾರು, ಬಂಗಲೆ ಇಟಗೊಂಡು ಕೈ ಎತ್ತಿದವರಲ್ಲ. ಅವರು ದೊಡ್ಡ ಮನಸ್ಸು ಮಾಡಬೇಕು."

ಬಲವಂತವಿಲ್ಲ, ಒಪ್ಪಿಗೆ ಇದ್ದರೆ ಮಾತ್ರ ಎಂದು ನ್ಯಾಯಾಧೀಶರು ಕನಕರಾಜನಿಗೆ ಹೇಳಿದರು. ಒಲ್ಲೆ ಎನ್ನಲು ಅವನು ಬಾಯಿ ತೆರೆದ. ಪಕ್ಕದಲ್ಲಿ ಬ್ಯಾಂಕಿನ ಅಧಿಕಾರಿ ಕನ್ನಡಕದ ಮೇಲಿಂದ ಅವನನ್ನೇ ನೋಡುತ್ತಿದ್ದರು.

"ನಾವು ಬಿಟ್ಟಿಲ್ಲೇನ್ರಿ" ಎಂದರು.

ಎದುರಿಗೆ ಭರಮಮ್ಮ, ತಾನೇ ಕಟ್ಟಿತಂದ ಬುತ್ತಿಯನ್ನು ಇನ್ನೂ ಬಿಚ್ಚದೆ ಅವನಿಗಾಗಿ ಕಂಕುಳಲ್ಲಿ ಹಿಡಿದುಕೊಂಡೇ ನಿಂತಿದ್ದಳು. ಕನಕರಾಜ ಬಾಯಿ ಮುಚ್ಚಿ ಪೆನ್ನು ತೆಗೆದುಕೊಂಡ. ಎಲ್ಲರ ಬಾಕಿಯೂ ಅರ್ಧಕ್ಕೆ ರಾಜಿಯಾಯಿತು. ಅವರು ಬಡವರಾದ್ದರಿಂದ ಆರು ತಿಂಗಳ ಕಂತು.

ಹೊರಗೆ ಆಟೊದ ಪಕ್ಕ ನಿಂತು ಅವನು ಚಂದ್ರಕಲಾಳಿಗೆ ಮತ್ತೆ ಫೋನ್ ಮಾಡಿದ. ಆ ಕಡೆ ಅವಳು ಎಲ್ಲ ಕೇಳಿ ಲೆಕ್ಕ ಹಾಕಿದಳು. ಆಮೇಲೆ, "ಮುಂಜಾನಿ ಒಂದು ಇಪ್ಪತ್ತು ಕೊಡೋದಿತ್ತು, ಒಂದು ಇಪ್ಪತ್ತು ಬರೋದಿತ್ತು. ಈಗ ಅರವತ್ತು ಕೊಡೋದು, ಅರವತ್ತು ಬರೋದು. ಕೊಡೋದು ಒಂದು ತಿಂಗಳಿಗೆ, ಬರೋದು ಆರು ತಿಂಗಳಿಗೆ. ಹೌದಿಲ್ಲೋ" ಎಂದಳು. ಹೌದು ಎಂದ. ಆಟೊದ ದಂಡ ಬೇರೆ ಎಂಬುದನ್ನು ಹೇಳುವ ಧೈರ್ಯವಾಗಲಿಲ್ಲ.

ಫೋನ್ ಇಡುವಷ್ಟರಲ್ಲಿ ಊರಿನವರೆಲ್ಲ ಅವನನ್ನು ಮುತ್ತಿಕೊಂಡರು. ಅವನಂಥ ದೊಡ್ಡ ಮನಸ್ಸಿನವನು ಇಡೀ ತಾಲ್ಲೂಕಿನಲ್ಲಿಲ್ಲ ಎಂದು ಒಬ್ಬರಾದ ಮೇಲೊಬ್ಬರು ಹೇಳಿದರು. ಭರಮಮ್ಮ ಬುತ್ತಿ ಬಿಚ್ಚಿ, ತನ್ನ ಕೈಯಾರೆ ಅವನಿಗೆ ರೊಟ್ಟಿ ತಿನ್ನಿಸಿದಳು. ಓಬಳಪ್ಪ ಹೆಗಲ ಮೇಲೆ ಕೈ ಹಾಕಿ, ಊರೆಲ್ಲ ಮಾತಾಡಿಕೊಂಡ ವಿಷಯ ತಿಳಿಸಿದ. ಇಂಥ ಒಳ್ಳೆಯ ದಿನ ಸುಮ್ಮನೆ ಹೋಗಬಾರದು, ಬರುವ ಸೋಮವಾರ ಕನಕರಾಜನಿಗೆ ಊರ ಪರವಾಗಿ ಸನ್ಮಾನ, ಆಮೇಲೆ ಎಲ್ಲರಿಗೂ ಊಟ.

"ದೊಡ್ಡ ಶಾಮಿಯಾನನ ಹಾಕಿಬಿಡು" ಎಂದ ಓಬಳಪ್ಪ. "ಬಾಡಿಗಿದು ಆಮ್ಯಾಲ ನೋಡಿಕೊಂಡ್ರಾತು."

ಕನಕರಾಜ ರೊಟ್ಟಿ ನುಂಗಿ, ನೆಲ ನೋಡಿದ.

"ಕುರ್ಚಿ ಎಷ್ಟು ಬೇಕು ಮಾವ" ಎಂದು ಕೇಳಿದ.