ಎಸಿಯ ಪೀಂಕಾರ

ನಮ್ಮ ಮನೆಯಲ್ಲಿ ಯಾವ ಯಂತ್ರ ಕೆಟ್ಟು ನಿಂತರೂ ನನ್ನ ಹೆಂಡತಿ ಅರ್ಪಣಾ ಮೊದಲು ನೋಡುವುದು ಯಂತ್ರವನ್ನಲ್ಲ, ನನ್ನನ್ನು. ಇದು ಅನ್ಯಾಯ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವನು, ನಿಜ. ಆದರೆ ‘ಇದರ ಒಳಗೆ ಏನಿದೆ’ ಎಂಬ ಕುತೂಹಲ ವಿಜ್ಞಾನದ ಮೇಷ್ಟ್ರಿಗೆ ಮಾತ್ರ ಇರತಕ್ಕದ್ದು ಎಂದು ಯಾರೂ ಆದೇಶ ಹೊರಡಿಸಿಲ್ಲ. (ಮಿಕ್ಸಿ ಬಿಚ್ಚಿ ಜೋಡಿಸಿದಾಗ ಕೆಲವು ಸ್ಕ್ರೂ ಮಿಕ್ಕವು, ಒಪ್ಪುತ್ತೇನೆ. ಮಿಕ್ಸಿ ಈಗಲೂ ತಿರುಗುತ್ತದೆ. ತಿರುಗುವಾಗ ಕಟ್ಟೆಯ ಮೇಲೆ ಸ್ವಲ್ಪ ನಡೆದಾಡುತ್ತದೆ, ಅಷ್ಟೆ.)

ಆ ಭಾನುವಾರ ಮುಷ್ಕರ ಹೂಡಿದ್ದು ಎಸಿ. ಭದ್ರೆಯ ಹಿನ್ನೀರು ಇಷ್ಟು ಹತ್ತಿರವಿದ್ದರೂ ಏಪ್ರಿಲ್ ಬಂತೆಂದರೆ ನಮ್ಮ ನರಸಿಂಹರಾಜಪುರ ಇಡ್ಲಿ ಪಾತ್ರೆಯ ಹಾಗೆ ಬೇಯುತ್ತದೆ. ಹಾಗಂತ ಎಸಿ ತಂದದ್ದು ಮನುಷ್ಯರಿಗಲ್ಲ. ಅರ್ಪಣಾ ಮನೆಯಲ್ಲೇ ಕೇಕ್ ಮಾಡಿ ಮಾರುತ್ತಾಳೆ. ಎಸಿ ಕೇಕಿಗೆ, ಫ್ಯಾನು ಗಂಡನಿಗೆ.

ಅವತ್ತು ಸೀತೂರಿನ ನಿಶ್ಚಿತಾರ್ಥವೊಂದಕ್ಕೆ ಎರಡು ಅಂತಸ್ತಿನ ಕೇಕ್ ಸಿದ್ಧವಾಗಿತ್ತು. ಮೈತುಂಬ ಬೆಣ್ಣೆ ಕ್ರೀಮಿನ ಬಿಳಿ ಗುಲಾಬಿಗಳು. ಫ್ರಿಜ್ಜಿಗೆ ಹಿಡಿಸದಷ್ಟು ಎತ್ತರ. ಸಂಜೆ ಹುಡುಗಿಯ ಸೋದರಮಾವ ಜೀಪಿನಲ್ಲಿ ಬಂದು ಒಯ್ಯುವವರಿದ್ದರು. ಇಷ್ಟು ದೊಡ್ಡದು ಅವಳಿಗೆ ಇದೇ ಮೊದಲು. ಇದು ನೆಟ್ಟಗೆ ನಿಂತರೆ ಮದುವೆಯ ಕೇಕೂ ಅವಳದೇ ಎಂದು ಮಾತಾಗಿತ್ತು. ಮಧ್ಯಾಹ್ನ ಅವಳು ರಿಮೋಟು ಒತ್ತಿದರೆ ಎಸಿ ಮಿಸುಕಲಿಲ್ಲ.

“ಎಂತ ಮಾಡಿದ್ರಿ ಇದಕ್ಕೆ?”

“ನಾನು ಇವತ್ತು ಈ ಕೋಣೆಗೇ ಬಂದಿಲ್ಲ.”

“ನಿನ್ನೆ?”

ರಿಪೇರಿಯವನು ಶಿವಮೊಗ್ಗದಿಂದ ಬರಬೇಕು. ನಾಳೆ ನೋಡೋಣ ಎಂದ. ಗುಲಾಬಿಗಳಿಗೆ ನಾಳೆ ಎಂಬುದಿರಲಿಲ್ಲ. ಆಗಲೇ ಒಂದು ಹೂವು ಪಕ್ಕದ ಹೂವಿಗೆ ತಲೆ ಆನಿಸಿತ್ತು. ನನ್ನ ಅಮ್ಮ ವೀರಬಸಮ್ಮ ಅಡಿಕೆ ಹಾಳೆಯ ಬೀಸಣಿಗೆ ಹಿಡಿದು, ಮಲಗಿದ ಮಗುವಿನ ಪಕ್ಕ ಕೂತ ಹಾಗೆ, ಕೇಕಿಗೆ ಗಾಳಿ ಹಾಕುತ್ತ ಕೂತಳು.

“ನಾನು ನೋಡ್ತೀನಿ” ಎಂದೆ. ಅರ್ಪಣಾ ಸ್ಕ್ರೂಡ್ರೈವರನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇರಲಿ. ಆಯುಧವಿಲ್ಲದೆಯೇ ಶೀತಲೀಕರಣ ಯಂತ್ರದ ತನಿಖೆಗೆ ಇಳಿದೆ.

ಟಿವಿ ರಿಮೋಟಿನ ಬ್ಯಾಟರಿ ಕಿತ್ತು ಎಸಿಯ ರಿಮೋಟಿಗೆ ಹಾಕಿದೆ. ಎಸಿ ಮೌನ, ಟಿವಿಯೂ ಮೌನ. ರಿಮೋಟಿನ ಮೂತಿಯನ್ನು ಮೊಬೈಲಿನ ಕ್ಯಾಮೆರಾಕ್ಕೆ ಹಿಡಿದು ಒತ್ತಿದರೆ, ಬರಿಗಣ್ಣಿಗೆ ಕಾಣದ ಬೆಳಕು ಪರದೆಯ ಮೇಲೆ ನೇರಳೆ ಬಣ್ಣದಲ್ಲಿ ಮಿನುಗಿತು. ಎಷ್ಟು ಚೆಂದ. ಮತ್ತೆ ಮತ್ತೆ ಒತ್ತಿ ನೋಡಿದೆ. “ಅಮ್ಮ, ನೋಡಿಲ್ಲಿ, ಕಣ್ಣಿಗೆ ಕಾಣದ ಬೆಳಕು.”

“ಕಾಣದೇ ಇರೋದನ್ನ ಎಂತಕ್ಕೆ ತೋರಿಸ್ತೀಯ? ಗುಲಾಬಿ ಬಾಗ್ತಿದೆ ನೋಡು.”

ಎಸಿಯ ಕೆಂಪು ದೀಪ ಉರಿಯುತ್ತಿತ್ತು. ಅಂದರೆ ಕರೆಂಟಿದೆ, ರಿಮೋಟಿಗೂ ಜೀವವಿದೆ, ಇಬ್ಬರ ನಡುವೆ ಮಾತುಕತೆ ಮಾತ್ರ ಇಲ್ಲ. (ಯಾವ ಸಂಸಾರದಲ್ಲೂ ಇದ್ದದ್ದೇ.) ಆಗ ನನಗೊಂದು ಯೋಚನೆ ಹೊಳೆಯಿತು. ತಂಪು ಹುಟ್ಟುವುದು ಹೊರಗಿನ ಪೆಟ್ಟಿಗೆಯಲ್ಲಿ. ಒಳಗಿನದು ಬರೀ ದ್ವಾರಪಾಲಕ. ದ್ವಾರಪಾಲಕ ಮಾತಾಡದಿದ್ದರೆ ನೇರ ಯಜಮಾನರನ್ನೇ ಕಾಣುವುದು ಪದ್ಧತಿ. ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ, ಓಣಿಯ ಕಡೆ ಕೂರಿಸಿದ್ದ ಪೆಟ್ಟಿಗೆಯತ್ತ ರಿಮೋಟು ಹಿಡಿದೆ.

“ಬೀಳೋದಾದರೆ ಹೊರಗೇ ಬೀಳಿ” ಎಂದಳು ಅರ್ಪಣಾ. “ಒಳಗೆ ಕೇಕಿದೆ.”

ಒತ್ತಿದೆ. ಎಲ್ಲಿಂದಲೋ ಸಣ್ಣಗೆ “ಪೀಂ” ಎಂದಿತು. ಮೈ ಝುಂ ಎಂದಿತು. ಇನ್ನೊಮ್ಮೆ ಒತ್ತಿದೆ, ಪೀಂ. ಆರಿಸಿದೆ, ಪೀಂ. ಹಾಕಿದೆ, ಪೀಂ. ಬ್ಯಾಟರಿ ಬದಲಾದ ರಿಮೋಟು ಮೂವತ್ತು ಡಿಗ್ರಿ ತೋರಿಸುತ್ತಿತ್ತು. ಒಂದೊಂದೇ ಒತ್ತಿ ಹದಿನಾರಕ್ಕೆ ಇಳಿಸಿದೆ. ಪ್ರತಿ ಒತ್ತಿಗೂ ಪೀಂ.

“ಸದ್ದೇನೋ ಬಂತು, ತಂಪೆಲ್ಲಿ?”

“ಕೇಳಿಸಿಕೊಂಡಿದೆ. ಯೋಚನೆ ಮಾಡ್ತಿದೆ.”

ಅದು ಯೋಚಿಸುತ್ತಿರುವಾಗಲೇ ಓಣಿಯಾಚೆ ಮನೆಯ ಚಿಕ್ಕಕ್ಕ ಬಂದರು. (ಅವರಿಗೆ ಬೇರೆ ಹೆಸರಿದೆ. ಬೀದಿಗೆಲ್ಲ ಚಿಕ್ಕಕ್ಕ.) ಆ ಸುಡು ಮಧ್ಯಾಹ್ನದಲ್ಲಿ ಮೈತುಂಬ ಉಣ್ಣೆ ಶಾಲು.

“ಅರ್ಪಣಾ, ಸ್ವಲ್ಪ ಬಾ ಮಾರಾಯ್ತಿ. ನಮ್ಮ ಎಸಿ ತನ್ನಷ್ಟಕ್ಕೆ ಹತ್ತುತ್ತೆ, ಆರುತ್ತೆ. ರಿಮೋಟನ್ನ ಯಾರೂ ಮುಟ್ಟಿಲ್ಲ. ಇವರು ಅದರ ಎದುರು ಕೂತು ಮಾತಾಡ್ತಿದಾರೆ.”

ಎರಡೂ ಮನೆಯ ಎಸಿ ಒಂದೇ ಅಂಗಡಿಯವು, ಒಂದೇ ಮಾದರಿಯವು ಎಂಬುದೂ, ನಮ್ಮ ಪೆಟ್ಟಿಗೆಯ ನೇರಕ್ಕೆ ಅವರ ಗಾಜಿನ ಕಿಟಕಿ ಇದೆಯೆಂಬುದೂ ನನಗೆ ಒಟ್ಟಿಗೇ ಹೊಳೆದವು. ಅರ್ಪಣಾ ನನ್ನ ಕೈಯಿಂದ ರಿಮೋಟು ಕಿತ್ತು ಮೇಜಿನ ಮೇಲಿಟ್ಟಳು.

ಹೋಗಿ ನೋಡಿದರೆ ಅವರ ಯಜಮಾನರು ಕರಿಬಸವಯ್ಯ ಮಂಕಿ ಟೋಪಿ ಹಾಕಿ ಎಸಿಯ ಎದುರು ಚಕ್ಕಳಮಕ್ಕಳ ಕೂತಿದ್ದರು. ಅವರ ತಾಯಿ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ.

“ಬನ್ನಿ ಸೋಮನಾಥ ಮೇಷ್ಟ್ರೆ. ಅವ್ವ ಬಂದಿದಾಳೆ” ಎಂದರು ಮೆಲ್ಲಗೆ. “ನಾನು ಸುಲಭಕ್ಕೆ ನಂಬೋನಲ್ಲ. ಪರೀಕ್ಷೆ ಮಾಡಿದೆ. ಅವ್ವ ಆಗಿದ್ರೆ ಒಂದ್ಸಲ ಕೂಗು ಅಂದೆ. ಕೂಗಿತು. ಈಗ ನೋವು ಹೋಯ್ತಾ ಅಂದೆ. ಅದಕ್ಕೂ ಕೂಗಿತು. ಕೊನೇಲಿ ಬಹಳ ನೋವು ತಿಂದಳು, ಮೇಷ್ಟ್ರೆ.”

ನಾನು ಬಾಯಿ ತೆರೆದೆ. ಅರ್ಪಣಾ ನನ್ನ ಕಾಲು ತುಳಿದಳು. ಅವಳು ಆ ಕೋಣೆಯ ಗಾಳಿಯನ್ನು, ಹಸಿದವರು ಒಗ್ಗರಣೆಯ ವಾಸನೆ ಎಳೆದುಕೊಳ್ಳುವಂತೆ, ಎಳೆದುಕೊಳ್ಳುತ್ತಿದ್ದಳು.

“ಚಿಕ್ಕಕ್ಕ, ಇದನ್ನ ಆರಿಸ್ಬೇಡಿ. ಸಂಜೆವರೆಗೆ ನನ್ನ ಕೇಕ್ ಇಲ್ಲಿಡ್ಲಾ?”

“ಇಡಮ್ಮ” ಎಂದರು ಕರಿಬಸವಯ್ಯ. “ಅವ್ವನಿಗೆ ಸಿಹಿ ಅಂದ್ರೆ ಪ್ರಾಣ.”

ಕೇಕ್ ಓಣಿ ದಾಟಿತು. ನಾನೊಂದು ಬದಿ, ಅರ್ಪಣಾ ಒಂದು ಬದಿ, ಅಮ್ಮ ಬೀಸುತ್ತ ಮುಂದೆ. ಎಸಿಯೊಳಗೆ ಅವ್ವ ಬಂದ ಕಥೆ ಕೇಳಿ ನನ್ನ ಅಮ್ಮನಿಗೆ ಆಶ್ಚರ್ಯವೇ ಆಗಲಿಲ್ಲ.

“ನಮ್ಮದಕ್ಕೆ ಯಾರೂ ಬರೋಕಾಗಲ್ಲ” ಎಂದಳು. “ದೊಡ್ಡ ಕೇಕು, ಯಾರ ಕಣ್ಣೂ ಬೀಳಬಾರದು ಅಂತ ಬೆಳಗ್ಗೆಯೇ ಎಸಿಗೆ ವಿಭೂತಿ ಹಚ್ಚಿದೀನಿ. ಮೂಲೇಲಿ ಕಪ್ಪು ಕಣ್ಣಿನಂಥದ್ದು ಇತ್ತಲ್ಲ, ಅದರ ಮೇಲೆ ದಪ್ಪಗೆ.”

ನಾನು ಮನೆಗೆ ಓಡಿದೆ. ಸ್ಟೂಲು ಹತ್ತಿ ನೋಡಿದರೆ, ಬಿಳಿ ಎಸಿಯ ಮೈಯಲ್ಲಿ ಬಿಳಿ ವಿಭೂತಿ ಒಣಗಿ ಮೈಯೇ ಆಗಿಬಿಟ್ಟಿತ್ತು. ರಿಮೋಟಿನ ಮಾತು ಕೇಳಬೇಕಾದ ಜಾಗವೇ ಅದು. ಪಂಚೆಯ ತುದಿಯಿಂದ ಒರೆಸಿ, ಮೇಜಿನ ಮೇಲಿದ್ದ ರಿಮೋಟು ಒತ್ತಿದೆ. ಪೀಂ. ಖಾಲಿ ಕೋಣೆಗೆ ಹಿಮಾಲಯದ ಗಾಳಿ ಬೀಸಿತು.

ಹಿಂದಿರುಗಿ ಅರ್ಪಣಾಳ ಕಿವಿಯಲ್ಲಿ ನಡೆದದ್ದನ್ನು ಹೇಳಿದೆ. “ಗುಲಾಬಿ ಈಗಷ್ಟೇ ಗಟ್ಟಿಯಾಗ್ತಿದಾವೆ. ಜೀಪ್ ಹೋಗೋವರೆಗೆ ನೀವು ಬಾಯಿ ಬಿಡಬೇಡಿ” ಎಂದಳು.

ಬಿಡಲಿಲ್ಲ. ಸಂಜೆ ಜೀಪ್ ಬಂತು. ಸೋದರಮಾವ ಕೇಕನ್ನು ಸುತ್ತು ಬಂದು ನೋಡಿ, ಮದುವೆಯದನ್ನೂ ಅಲ್ಲೇ ಮಾತಾಡಿ ಮುಗಿಸಿ ಹೋದರು. ಇನ್ನು ನಿಜ ಹೇಳೋಣವೆಂದು ನಾನು ಕರಿಬಸವಯ್ಯನವರ ಪಕ್ಕ ಕೂತೆ. ಅವರೇ ಮೊದಲು ನನ್ನ ಕೈ ಹಿಡಿದರು.

“ಮೇಷ್ಟ್ರೆ, ಅವ್ವನ್ನ ಇನ್ನೊಂದು ಕೇಳಿದ್ದೆ. ಈ ಬೀದಿ ನೀರಿನ ಸಮಿತಿಯ ಅಧ್ಯಕ್ಷಗಿರಿ ಸಾಕಾಗಿದೆ, ಇಳಿಸ್ಲಾ ಅಂದೆ. ಪೀಂ ಅಂದಳು. ಎದುರು ಮನೆ ಸೋಮನಾಥ ಮೇಷ್ಟ್ರಿಗೆ ಕೊಡ್ಲಾ ಅಂದೆ. ಪೀಂ. ಎಷ್ಟು ವರ್ಷಕ್ಕೆ ಅಂದೆ.”

ನಾನು ಮನಸ್ಸಿನಲ್ಲೇ ಮೂವತ್ತರಿಂದ ಹದಿನಾರು ಕಳೆದು ನೋಡಿದೆ.

“ಹದಿನಾಲ್ಕು” ಎಂದರು ಅವರು. “ರಾಮನಿಗೂ ಅಷ್ಟೇ ಆಗಿದ್ದು. ಬೀದಿಯ ವಾಟ್ಸಾಪ್ ಗುಂಪಿಗೆ ಆಗಲೇ ಹಾಕಿಬಿಟ್ಟೆ.”

ನೋಡಿದರೆ ಗುಂಪಿನ ತುಂಬ ಮುಗಿದ ಕೈಗಳು. ಈ ಹುದ್ದೆಗೆ ಹೆದರಿ ವರ್ಷಗಟ್ಟಲೆ ಸಭೆಗೇ ಬಾರದವರೆಲ್ಲ ನನಗೆ ಅಭಿನಂದನೆ ಹೇಳಿದ್ದರು. ಒಂದು ಮಾತು ಸಾಕಿತ್ತು, ‘ಅದು ನನ್ನ ರಿಮೋಟು’ ಎಂದು. ಆದರೆ ಅವರು ಟೋಪಿ ತೆಗೆದು, ಸ್ಕೂಲಿನಿಂದ ಬಂದ ಮಗುವಿನ ಮುಖ ಮಾಡಿಕೊಂಡು ಆ ಎಸಿಯನ್ನು ನೋಡುತ್ತಿದ್ದರು. ನೋವು ಹೋಯ್ತಾ ಎಂದು ಕೇಳಿದ್ದಕ್ಕೆ ಉತ್ತರ ಕೊಟ್ಟವನು ನಾನು. ಅದನ್ನು ವಾಪಸು ಪಡೆಯುವುದು ಹೇಗೆ?

“ಆಗಲಿ” ಎಂದೆ.

“ಹಿರಿಯರ ಮಾತು, ಮೀರೋ ಹಾಗಿಲ್ಲ” ಎಂದಳು ಅರ್ಪಣಾ, ಮುಖದಲ್ಲಿ ಒಂದು ಗೆರೆಯೂ ಅಲುಗದೆ.

ಮನೆಗೆ ಬಂದು ಆ ತಣ್ಣನೆ ಕೋಣೆಯಲ್ಲಿ ಕಾಲು ಚಾಚಿದ್ದೆನಷ್ಟೆ. ಅಡುಗೆಮನೆಯಿಂದ, ಮದುವೆಯಾದ ಮೇಲೆ ಎಂದೂ ಕೇಳದ ಗೌರವದ ದನಿ ಬಂತು.

“ಅಧ್ಯಕ್ಷರೇ.”

ಹೋದೆ. ಮೊಣಕೈವರೆಗೆ ಬೆಣ್ಣೆ ಮೆತ್ತಿಕೊಂಡು ಅವಳು ನಲ್ಲಿಯ ಕೆಳಗೆ ಕೈಯೊಡ್ಡಿ ನಿಂತಿದ್ದಳು. ನಲ್ಲಿ ಬುಸ್ಸೆಂದು ಉಸಿರು ಬಿಡುತ್ತಿತ್ತು.

“ನೀರಿಲ್ಲ, ಬರೀ ಗಾಳಿ ಬರ್ತಿದೆ” ಎಂದಳು. “ಮುಟ್ಟಿ ನೋಡಿ, ತಣ್ಣಗಿದೆ.”